ಸುಣ್ಣದ ನೀರು ಮತ್ತು ಒಂದು ಚಿಟಿಕೆ ಉಪ್ಪು

ನನ್ನ ಕಣ್ಣು ಈಗ ಬೆಳ್ಳಗಿದೆ. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯ ಮುಂದೆ ನಿಂತು ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡುವುದು ರೂಢಿಯಾಗಿಬಿಟ್ಟಿದೆ. ಬೆಳ್ಳಗಿದ್ದರೆ ಸಮಾಧಾನವಾಗಬೇಕು. ಆಗುವುದಿಲ್ಲ, ಸಿಟ್ಟು ಬರುತ್ತದೆ. ಯಾರ ಮೇಲೆಂದರೆ ನನ್ನ ಮೇಲೆಯೇ.

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಹೈಸ್ಕೂಲು ಮುಗಿಸಿ ಮಗ್ಗದ ಗುಂಡಿಗೆ ಇಳಿದ ನಾನು ಮಂಡಿ ಸವೆಯುವವರೆಗೆ ಅಲ್ಲೇ ಇದ್ದೆ. ಆದರೆ ನೇಯ್ಗೆಗಿಂತ ಹೆಚ್ಚಾಗಿ ನಮ್ಮ ಮನೆಗೆ ಹೆಸರು ಬಂದದ್ದು ಕಾಮಾಲೆ ಮದ್ದಿನಿಂದ. ಮೊದಲು ನಮ್ಮವ್ವ ಕೊಡುತ್ತಿದ್ದಳು, ಅವಳು ಹೋದ ಮೇಲೆ ನಾನು. ಭಾನುವಾರ ಬಂದರೆ ಹನೂರು, ಯಳಂದೂರು ಕಡೆಯಿಂದ ಮೊದಲ ಬಸ್ಸಿಗೆ ಬಂದವರು ಖಾಲಿ ಹೊಟ್ಟೆಯಲ್ಲಿ ನಮ್ಮ ಜಗುಲಿಯ ಮೇಲೆ ಕೂತಿರುತ್ತಿದ್ದರು.

ಮದ್ದೆಂದರೆ ನೆಲನೆಲ್ಲಿ ಗಿಡ, ಜೊತೆಗೆ ಇನ್ನೆರಡು ಸೊಪ್ಪು. ಅರೆದು ಆಡಿನ ಹಾಲಿನಲ್ಲಿ ಕದಡಿ ಕುಡಿಸುವುದು. ಸೊಪ್ಪಿನ ಹೆಸರು ಹೊರಗೆ ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನೆಲನೆಲ್ಲಿಯ ಗುಟ್ಟು ಇಡೀ ತಾಲ್ಲೂಕಿಗೇ ಗೊತ್ತಿತ್ತು, ಆದರೂ ನಾವು ಬಾಗಿಲು ಹಾಕಿಕೊಂಡೇ ಅರೆಯುತ್ತಿದ್ದೆವು. ಕಾಸು ಮುಟ್ಟುತ್ತಿರಲಿಲ್ಲ. ಮೂರು ಭಾನುವಾರ ಮದ್ದು, ಅಷ್ಟೂ ದಿನ ಪಥ್ಯ. ಉಪ್ಪಿಲ್ಲ, ಎಣ್ಣೆಯಿಲ್ಲ, ಹುಳಿಯಿಲ್ಲ. ಇದರ ಮೇಲೆ ಇನ್ನೊಂದು ಕಟ್ಟಳೆಯಿತ್ತು: ಎರಡು ಮದ್ದು ಕೂಡಬಾರದು. ನಮ್ಮ ಮದ್ದು ಹೊಟ್ಟೆಯಲ್ಲಿರುವಾಗ ಆಸ್ಪತ್ರೆಯದನ್ನು ಮುಟ್ಟಕೂಡದು.

ಮೂರನೆಯ ಭಾನುವಾರ ಕಾಮಾಲೆ ಇಳಿಸುತ್ತಿದ್ದೆವು. ರೋಗಿಯ ಅಂಗೈಗೆ ಮಾವಿನ ಮರದ ತೊಗಟೆಯ ರಸ ಸವರಿ, ಬಿಳಿ ಬೋಗುಣಿಯ ಮೇಲೆ ಹಿಡಿಸಿ, ಸುಣ್ಣದ ತಿಳಿನೀರು ಹುಯ್ಯುವುದು. ಕೈಯಿಂದ ಇಳಿಯುವ ನೀರು ಅರಿಸಿನದ ಹಾಗೆ ಹಳದಿಯಾಗುತ್ತಿತ್ತು. ನೋಡಿದವರು ಉಸಿರು ಬಿಡುತ್ತಿದ್ದರು. ‘ಇಳೀತು ಕಣಪ್ಪಾ’ ಎಂದು ಕೈಮುಗಿಯುತ್ತಿದ್ದರು.

ಆ ನೀರು ಯಾರ ಕೈಯಿಂದಲಾದರೂ ಹಳದಿಯಾಗುತ್ತದೆ. ಇದು ನನಗೆ ಮೂವತ್ತರ ವಯಸ್ಸಿನಲ್ಲೇ ಗೊತ್ತಾಗಿತ್ತು. ಒಂದು ದಿನ ಜನ ಹೋದ ಮೇಲೆ ತೊಗಟೆಯ ರಸ ಅಂಟಿದ್ದ ಕೈಯನ್ನು ಉಳಿದ ಸುಣ್ಣದ ನೀರಿನಲ್ಲಿ ತೊಳೆದೆ. ಯಾವ ರೋಗವೂ ಇಲ್ಲದೆ ಗುಂಡುಕಲ್ಲಿನ ಹಾಗಿದ್ದ ನನ್ನ ಕೈಯಿಂದಲೂ ಅದೇ ಹಳದಿ ಇಳಿಯಿತು. ಅವ್ವನಿಗೆ ತೋರಿಸಿದೆ. ಅವಳು ಬೋಗುಣಿಯನ್ನು ಕಿತ್ತುಕೊಂಡು ಚರಂಡಿಗೆ ಚೆಲ್ಲಿದಳು.

‘ರೋಗದೋನ್ಗ ಧೈರ್ಯ ಬ್ಯಾಡ್ವಾ? ಧೈರ್ಯನೇ ಅರ್ಧ ಮದ್ದು ಕನ. ಬಾಯ್ಮುಚ್ಕಂಡಿರು’ ಎಂದಳು.

ಬಾಯಿ ಮುಚ್ಚಿಕೊಂಡೆ. ನಲವತ್ತು ವರ್ಷ ಮುಚ್ಚಿಕೊಂಡಿದ್ದೆ. ಬಂದವರಲ್ಲಿ ಹೆಚ್ಚಿನವರು ವಾಸಿಯಾಗಿ ತಿರುಗಿ ಬಂದು ಕಾಯಿ, ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಹಾಗಿರುವಾಗ ನನಗೆ ಅನುಮಾನ ಯಾಕೆ ಬರಬೇಕು?

ಹೋದ ವರ್ಷ ಆಷಾಢದಲ್ಲಿ ನನ್ನ ಹೆಂಡತಿ ಸರೋಜ ಒಗೆಯಲು ತೆಗೆದ ನನ್ನ ಬನಿಯನ್ನನ್ನು ಬೆಳಕಿಗೆ ಹಿಡಿದು ನೋಡಿದಳು. ಕಂಕುಳಲ್ಲಿ ಹಳದಿ.

‘ನೋಡಿ ಇಲ್ಲಿ. ಇದು ಬಣ್ಣದ ನೂಲು ತಾಗಿರೋದಲ್ಲ. ಕಣ್ಣು ತೋರ್ಸಿ.’

ನಾನು ತೋರಿಸಲಿಲ್ಲ. ಬಚ್ಚಲಿಗೆ ಹೋಗಿ ಒಬ್ಬನೇ ಕನ್ನಡಿಯಲ್ಲಿ ನೋಡಿಕೊಂಡೆ. ಜೀವಮಾನವೆಲ್ಲ ರೇಷ್ಮೆಯ ಹಳದಿ ನೋಡಿದ ಕಣ್ಣು ನನ್ನದು. ಒಂದೇ ಅಂಗಡಿಯಿಂದ ತಂದ ಎರಡು ಲಡಿ ನೂಲಿನ ಹಳದಿಯಲ್ಲಿ ಕೂದಲಷ್ಟು ವ್ಯತ್ಯಾಸವಿದ್ದರೂ ನೇಯುವ ಮೊದಲೇ ಹೇಳುತ್ತಿದ್ದೆ. ಆದರೆ ಜಗುಲಿಯ ಮೇಲೆ ಬಂದು ಕೂತವರ ಕಣ್ಣಿನ ಹಳದಿಯನ್ನೆಲ್ಲ ಒಂದೇ ಎಂದುಕೊಂಡಿದ್ದೆ.

ಎರಡನೆಯ ವಾರಕ್ಕೆ ಮೈಯೆಲ್ಲ ತುರಿಕೆ ಶುರುವಾಯಿತು. ತುರಿಕೆ ಅಂದರೆ ಸೊಳ್ಳೆ ಕಚ್ಚಿದ ಹಾಗಲ್ಲ. ಅಂಗೈ, ಅಂಗಾಲಿನ ಒಳಗೆ ಯಾರೋ ಕೂತು ಕೆರೆದ ಹಾಗೆ. ಮಗ್ಗದ ಕಂಬಕ್ಕೆ ಬೆನ್ನು ಉಜ್ಜಿ ಉಜ್ಜಿ ಚರ್ಮ ಕಿತ್ತುಹೋಯಿತು. ಮೂತ್ರ ಕಾಫಿಯ ಬಣ್ಣ, ಮಲ ಸುಣ್ಣದ ಬಣ್ಣ. ಬೇರೆ ಯಾರಾದರೂ ಬಂದು ಇದನ್ನೆಲ್ಲ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ಮದ್ದು ಕುಡಿಸುತ್ತಿದ್ದೆ. ನನಗೂ ಅದನ್ನೇ ಮಾಡಿಕೊಂಡೆ. ಉಪ್ಪು ಬಿಟ್ಟೆ. ಆಸ್ಪತ್ರೆಗೆ ಹೋಗೋಣ ಎಂದು ಸರೋಜ ಅಂದಾಗ ರೇಗಿದೆ.

‘ಕಾಮಾಲೆ ಮದ್ದು ಕೊಡೋನೇ ಆಸ್ಪತ್ರೆ ಬಾಗ್ಲಲ್ಲಿ ಚೀಟಿ ಇಡ್ಕಂಡು ನಿಂತ್ರೆ ಜನ ಏನಂದಾರು?’

‘ಏನಂದಾರು? ಬದುಕವನೆ ಅಂತಾರೆ’ ಎಂದಳು ಅವಳು.

ಇನ್ನೊಂದು ಹೇಳಿಬಿಡುತ್ತೇನೆ, ನಾಚಿಕೆಯಾದರೂ. ನಾನು ದಿನಾ ಬೆಳಿಗ್ಗೆ ಅಂಗೈಗೆ ತೊಗಟೆಯ ರಸ ಸವರಿಕೊಂಡು ಸುಣ್ಣದ ನೀರಿನಲ್ಲಿ ತೊಳೆಯುತ್ತಿದ್ದೆ. ಹಳದಿ ಇಳಿಯುತ್ತಿತ್ತು. ಎದೆ ಹಗುರವಾಗುತ್ತಿತ್ತು. ಅದು ಸುಳ್ಳೆಂದು ನಲವತ್ತು ವರ್ಷದಿಂದ ಗೊತ್ತಿದ್ದವನು ನಾನು. ಭಯ ಬಂದಾಗ ಗೊತ್ತಿರುವುದು ಯಾವ ಮೂಲೆಗೆ ಹೋಗುತ್ತದೋ ತಿಳಿಯದು.

ಸುದ್ದಿ ಬೀದಿಗೆ ಹಬ್ಬಿತು. ನೋಡಲು ಬಂದವರೆಲ್ಲ ಒಂದೊಂದು ಮದ್ದು ತಂದರು. ಒಬ್ಬರು ಕಬ್ಬಿನ ಹಾಲು ಅಂದರು, ಇನ್ನೊಬ್ಬರು ಮೂಲಂಗಿ ಸೊಪ್ಪಿನ ರಸ. ಮುಂಗೈಗೆ ಬರೆ ಹಾಕಿಸಿಕೋ ಎಂದವರೂ ಇದ್ದರು. ನನಗೇ ಕಾಮಾಲೆ ಮದ್ದು ಹೇಳಿಕೊಡುತ್ತೀರಾ ಎಂದು ಕೂಗಬೇಕೆನಿಸಿತು, ಕೂಗಲು ಉಸಿರಿರಲಿಲ್ಲ. ಕೊನೆಗೆ ಹಳೆಯ ಗೆಳೆಯನೊಬ್ಬ ತಂದುಕೊಟ್ಟ ಕಪ್ಪು ಪುಡಿಯನ್ನು ಎರಡು ವಾರ ಜೇನಿನಲ್ಲಿ ನೆಕ್ಕಿದೆ. ಕಾಗದದ ಪೊಟ್ಟಣ, ಮೇಲೆ ಹೆಸರಿಲ್ಲ, ಊರಿಲ್ಲ. ‘ಲಿವರ್ ತೊಳ್ದು ಹೊಸ್ದು ಮಾಡ್ತದೆ’ ಎಂದಿದ್ದ. ಎರಡು ಮದ್ದು ಕೂಡಬಾರದು ಎಂಬ ನನ್ನದೇ ಕಟ್ಟಳೆ ಆಗ ನೆನಪಾಗಲಿಲ್ಲ. ಅದು ಆಸ್ಪತ್ರೆಯ ಮದ್ದಿಗೆ ಮಾತ್ರ ಇತ್ತೆಂದು ಕಾಣುತ್ತದೆ.

ಐದನೆಯ ವಾರ ಚಳಿಜ್ವರ ಬಂದು ಮೈ ಗಡಗಡ ನಡುಗಿತು. ನನ್ನ ಮಗಳು ಗೀತಾ ಯಳಂದೂರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಅವಳು ಬಂದು ನೋಡಿದಾಗ ನಾನು ಅವಳನ್ನು ‘ಅವ್ವಾ’ ಎಂದು ಕರೆದು, ಲಾಳಿ ಎಲ್ಲಿಟ್ಟೆ ಎಂದು ಕೇಳಿದೆನಂತೆ. ಮಗಳು ಅಳಲಿಲ್ಲ, ಬೈದಳು.

‘ಊರ್ಗೆಲ್ಲ ಮದ್ದು ಕೊಟ್ಟು ನೀನು ಇಲ್ಲಿ ಸಾಯ್ತಾ ಕೂತಿದೀಯಲ್ಲಪ್ಪಾ! ಅಮ್ಮ, ಸೀರೆ ಉಟ್ಕೊ. ಆಟೋ ಬರ್ತದೆ.’

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: ನಾಟಿ ಮದ್ದು ಏನಾದರೂ ತೆಗೆದುಕೊಂಡಿದ್ದೀರಾ? ಬಾಗಿಲ ಬಳಿ ನಮ್ಮ ಬೀದಿಯವರು ಇಬ್ಬರು ನಿಂತಿದ್ದರು. ನಾನು ‘ಇಲ್ಲ’ ಎಂದೆ. ಸರೋಜ ನನ್ನ ಮುಖ ನೋಡಿದಳು. ಅಲ್ಲಿಂದ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯೂ ಕೇಳಿದರು, ಅಲ್ಲಿಯೂ ಇಲ್ಲ ಎಂದೆ. ರಕ್ತ ತೆಗೆದರು, ಮತ್ತೆ ತೆಗೆದರು. ಯಾವುದೋ ಲೆಕ್ಕ ಯಾವುದಕ್ಕೋ ಹೊಂದುತ್ತಿಲ್ಲ ಎಂದು ಡಾಕ್ಟರು ತಲೆ ಕೆರೆದುಕೊಂಡರು. ಮೂರನೆಯ ದಿನ ಗೀತಾ ತನ್ನ ಬ್ಯಾಗಿನಿಂದ ಆ ಪುಡಿಯ ಪೊಟ್ಟಣವನ್ನೂ ಮದ್ದಿನ ಸೀಸೆಯನ್ನೂ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಡಾಕ್ಟರು ನನ್ನ ಮೊಮ್ಮಗಳ ವಯಸ್ಸಿನ ಹೆಣ್ಣುಮಗಳು. ಪೊಟ್ಟಣ ಬಿಚ್ಚಿ ಮೂಸಿ ನೋಡಿದರು.

‘ಇದ್ರಲ್ಲಿ ಏನಿದೆ ತಾತ?’

‘ಗೊತ್ತಿಲ್ಲ.’

‘ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಲಿವರ್‌ಗೆ ಮಾತ್ರ ಗೊತ್ತು, ಅದು ಹೇಳಲ್ಲ.’

ಆಕೆ ಸಿಟ್ಟಾಗಿದ್ದರು, ಆದರೆ ದನಿ ಏರಿಸಲಿಲ್ಲ. ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿಹಾಕಿಕೊಂಡು ಕೀವಾಗಿದೆ ಎಂದರು. ಅಷ್ಟು ದಿನ ಉಪ್ಪು ಬಿಟ್ಟದ್ದಕ್ಕೋ ಏನೋ ರಕ್ತದಲ್ಲಿ ಉಪ್ಪಿನಂಶ ಕುಸಿದು ಬುದ್ಧಿ ಮಂಕಾಗಿದೆ ಎಂದರು. ಪುಡಿ ಎಷ್ಟು ಕೆಡಿಸಿದೆಯೋ ಈಗಲೇ ಹೇಳಲಾರೆ ಎಂದರು.

‘ನೆಲನೆಲ್ಲಿ?’ ಎಂದು ಕೇಳಿದೆ. ನಮ್ಮವ್ವನ ಗುಟ್ಟನ್ನು ನಾನು ಹೊರಗೆ ಆಡಿದ್ದು ಅದೇ ಮೊದಲು.

‘ಅದರ ಮೇಲೆ ಓದಿದವರು ಇನ್ನೂ ಓದ್ತಾನೇ ಇದಾರೆ. ವಿಷ ಅಂತ ನಾನು ಹೇಳಲ್ಲ. ಆದರೆ ಕಲ್ಲಿಗೆ ಅದೇನು ಮಾಡುತ್ತೆ ತಾತ? ಕೆಟ್ಟ ನೀರಿಂದ ಬರೋ ಕಾಮಾಲೆ ಇದೆಯಲ್ಲ, ಅದು ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ. ಮದ್ದು ಕುಡಿದ್ರೂ ಇಳಿಯುತ್ತೆ, ಕುಡೀದಿದ್ರೂ. ಕಲ್ಲಿಂದ ಬರೋದು ಹಾಗಲ್ಲ. ಕಣ್ಣು ನೋಡಿದ್ರೆ ಎರಡೂ ಒಂದೇ ಹಳದಿ.’

ಆ ಮಾತು ಕೇಳಿ ನಾನು ಗೋಡೆಯ ಕಡೆ ಮಗ್ಗುಲಾದೆ. ಇಷ್ಟು ವರ್ಷ ನಾನು ಇಸಿದುಕೊಂಡ ಕಾಯಿ, ಹಣ್ಣು, ನಮಸ್ಕಾರ ಎಲ್ಲ ಯಾರಿಗೆ ಸೇರಬೇಕಾಗಿತ್ತು? ತಾವಾಗಿ ವಾಸಿಯಾದ ಆ ಮೈಗಳಿಗೆ. ವಾಸಿಯಾಗದೆ ತಿರುಗಿ ಬಾರದೆ ಹೋದವರನ್ನು ನಾನು ಎಂದಾದರೂ ಹುಡುಕಿಕೊಂಡು ಹೋಗಿದ್ದೆನೇ?

ಅಂಥ ಒಬ್ಬರು ಅಲ್ಲೇ ಸಿಕ್ಕರು. ಸ್ಕ್ಯಾನಿಂಗಿಗೆ ಕಾಯುವ ಹಜಾರದಲ್ಲಿ ಗೋಡೆಗೆ ಹೊಂದಿಸಿದ ಬೆಂಚುಗಳು. ಹೆಸರು ಕೂಗುವವನಿಗೆ ಹೆಸರು ಓದಲು ಬಾರದು, ಕೂಗಿದ್ದು ಯಾರಿಗೂ ಅರ್ಥವಾಗದು. ಬೆಳಿಗ್ಗೆ ಕೂತವರು ಮಧ್ಯಾಹ್ನವಾದರೂ ಕೂತೇ ಇರಬೇಕು. ನನ್ನ ಗಾಲಿ ಕುರ್ಚಿಯನ್ನು ಒಬ್ಬ ಹೆಂಗಸಿನ ಪಕ್ಕ ನಿಲ್ಲಿಸಿ ಗೀತಾ ಚೀಟಿ ಬರೆಸಲು ಹೋದಳು. ಆ ಹೆಂಗಸು ನನ್ನನ್ನೇ ದಿಟ್ಟಿಸಿದಳು.

‘ಯಜಮಾನ್ರೇ? ಕೊಳ್ಳೇಗಾಲ್ದ ಮದ್ದಿನ ಯಜಮಾನ್ರಲ್ವಾ? ಅಯ್ಯೋ ಶಿವನೇ, ನೀವೂ ಇಲ್ಲಿಗೇ ಬಂದ್ರಾ!’

ಚಿಕ್ಕತಾಯಮ್ಮ. ಹನೂರಿನಾಚೆಯ ಹಳ್ಳಿಯವಳು. ನನ್ನ ಕಣ್ಣು ಹಳದಿಯಾಗುವ ಎರಡು ತಿಂಗಳ ಹಿಂದೆ ಗಂಡ ಮಾದಯ್ಯನನ್ನು ಕರೆದುಕೊಂಡು ಮೂರು ಭಾನುವಾರ ನಮ್ಮ ಜಗುಲಿಗೆ ಬಂದಿದ್ದಳು. ಮೊದಲ ದಿನ ಮಾದಯ್ಯನ ಜೇಬಿನಲ್ಲಿ ಆಸ್ಪತ್ರೆಯವರು ಕೊಟ್ಟ ಚೀಟಿ ಇತ್ತು, ಮೈಸೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಬೇಕೆಂದು. ನಾನು ಅದನ್ನು ಓದಿ ಮಡಚಿ ಅವನ ಜೇಬಿಗೇ ಇಟ್ಟು, ‘ಎರಡು ಮದ್ದು ಕೂಡಬಾರ್ದು ಕಣಪ್ಪ. ಮೂರು ವಾರ ಕಳೀಲಿ, ಆಮೇಲೆ ನೋಡು’ ಎಂದಿದ್ದೆ. ಮೂರನೆಯ ವಾರ ಅವನ ಕೈಯಿಂದ ಹಳದಿ ನೀರು ಇಳಿಸಿ ಕಳಿಸಿದ್ದೆ.

ಮಾದಯ್ಯ ಈಗ ಒಳಗೆ ಮಲಗಿದ್ದ. ಗಡ್ಡೆ ಎಂದರಂತೆ, ಪಿತ್ತದ ನಾಳದ ಬುಡದಲ್ಲಿ.

ಆಕೆ ನನಗೆ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಗಂಜಿ ಬಗ್ಗಿಸಿ ಕೊಟ್ಟಳು.

‘ನಾಕು ಗುಟುಕು ಕುಡೀರಿ. ಮೊಕ ಇಳ್ದೋಗದ. ಉಪ್ಪಾಕೀವ್ನಿ, ಇಲ್ಲಿ ಡಾಕ್ಟ್ರು ಬ್ಯಾಡ ಅನ್ನಲ್ಲ.’

ಎಷ್ಟೋ ವಾರದ ಮೇಲೆ ನನ್ನ ನಾಲಿಗೆಗೆ ತಾಗಿದ ಮೊದಲ ಉಪ್ಪು ಅದು. ಹೊಟ್ಟೆಗೆ ಇಳಿಯುವ ಮೊದಲೇ ಕಣ್ಣಲ್ಲಿ ನೀರು ಬಂತು. ಅವಳು ನನ್ನ ಮುಚ್ಚಳಕ್ಕೆ ಇನ್ನೊಂದಿಷ್ಟು ಹುಯ್ದು, ದನಿ ತಗ್ಗಿಸಿ ಕೇಳಿದಳು:

‘ನಾ ಒಂದು ಕ್ಯೋಳ್ಲಾ? ಆವತ್ತು ನೀರು ಅಷ್ಟು ಹಳ್ದಿ ಇಳೀತಲ್ಲ. ಕಾಮಾಲೆ ಓಯ್ತು ಅಂದ್ರಲ್ಲ. ಮತ್ತ್ಯಾಕ ಇಂಗಾಯ್ತು?’

ಅಲ್ಲೇ ಹೇಳಬಹುದಾಗಿತ್ತು. ಹಜಾರದಲ್ಲಿ ನಮ್ಮ ಊರಿನವರು ಯಾರೂ ಇರಲಿಲ್ಲ. ನಾನೂ ರೋಗಿ, ಅವಳೂ ರೋಗಿಯ ಹೆಂಡತಿ. ಅವಳ ಗಂಜಿ ನನ್ನ ಬಾಯಲ್ಲಿತ್ತು. ಆದರೂ ನನ್ನ ನಾಲಿಗೆ ನಲವತ್ತು ವರ್ಷದ ಚಾಳಿಯಂತೆ ಹೊರಳಿತು.

‘ಪಥ್ಯ ಕೆಟ್ಟಿರಬೇಕು ತಾಯಿ’ ಎಂದೆ.

ಅವಳ ಮುಖ ಬಿಳುಚಿಕೊಂಡಿತು. ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು ಡಬ್ಬಿಗೆ ಬಿಗಿದಳು.

‘ಉಂಟು. ಎಲ್ಡ್ನೇ ವಾರ ಬಾಯ್ಗ ಏನೂ ಸೇರ್ದು ಅಂತ ಅಳ್ತಿದ್ದ. ಒಂದ್ ಚಿಟ್ಕ ಉಪ್ಪು ಸಾರ್ಗ ಆಕ್ಬುಟ್ಟಿ. ಅವನ್ಗೂ ಯೋಳ್ನಿಲ್ಲ. ಅಂಗಾದ್ರ ನಾನೇ...’

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಗೀತಾ ಬಂದು ಕುರ್ಚಿ ತಳ್ಳಿಕೊಂಡು ಹೋದಳು. ನಾನು ತಿರುಗಿ ನೋಡಲಿಲ್ಲ.

ಬಾಯಿಯ ಮೂಲಕ ಕೊಳವೆ ಇಳಿಸಿ ಕಲ್ಲು ತೆಗೆದರು. ಪಿತ್ತ ಹರಿಯಲೆಂದು ಒಳಗೆ ಸಣ್ಣ ನಳಿಗೆ ಇಟ್ಟು ಕೆಲವು ವಾರದ ಮೇಲೆ ಅದನ್ನೂ ತೆಗೆದರು. ತುರಿಕೆ ನಿಂತ ದಿನ ನಾನು ಮಗುವಿನ ಹಾಗೆ ಹಗಲೆಲ್ಲ ನಿದ್ದೆ ಮಾಡಿದೆ. ಲಿವರ್ ಪೂರ್ತಿ ಸರಿಹೋಗಲು ತಿಂಗಳುಗಳೇ ಹಿಡಿದವು. ನಿಧಾನವಾದದ್ದು ಕೀವಿನಿಂದಲೋ ಪುಡಿಯಿಂದಲೋ ಡಾಕ್ಟರಿಗೂ ತಿಳಿಯಲಿಲ್ಲ. ಅದನ್ನು ತಿಳಿಯುವ ದಾರಿಯನ್ನು ನಾನೇ ಮೊದಲ ಮೂರು ದಿನ ಸುಳ್ಳು ಹೇಳಿ ಮುಚ್ಚಿದ್ದೆ ಎಂದು ಆಕೆ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದ ಮೇಲೆ ಮದ್ದು ನಿಲ್ಲಿಸಿದೆ. ಜನ ನಿಲ್ಲಿಸಲಿಲ್ಲ. ಭಾನುವಾರ ಬಾಗಿಲು ತೆರೆದರೆ ಜಗುಲಿಯ ತುಂಬ ಜನ. ಒಂದು ವಾರ ಧೈರ್ಯ ಮಾಡಿ ಎಲ್ಲರನ್ನೂ ಸುತ್ತ ಕೂರಿಸಿ ಬಿಳಿ ಬೋಗುಣಿ ತರಿಸಿದೆ. ‘ನೋಡಿ, ನನಗೆ ಈಗ ಕಾಮಾಲೆ ಇಲ್ಲ, ರಕ್ತ ಪರೀಕ್ಷೆ ಆಗಿದೆ’ ಎಂದು ನನ್ನ ಕೈಗೇ ರಸ ಸವರಿ ಸುಣ್ಣದ ನೀರು ಹುಯ್ದುಕೊಂಡೆ. ಹಳದಿ ಇಳಿಯಿತು.

ಮುಂದೆ ಕೂತಿದ್ದ ಒಬ್ಬ ಮರುಕದಿಂದ ನೋಡಿದ. ‘ಒಳಗ ಇನ್ನೂ ವಸಿ ಉಳ್ಕಂಡದ ಯಜಮಾನ್ರೇ. ಆಸ್ಪತ್ರೆಯೋರ್ಗ ಅದೆಲ್ಲಿ ಗೊತ್ತಾದ್ದು? ಇನ್ನೊಂದು ವಾರ ನಿಮ್ ಮದ್ದು ತಕಳಿ.’

‘ಅಲ್ಲಯ್ಯ, ಯಾರ ಕೈಗೆ ಹುಯ್ದರೂ ಇಷ್ಟೇ’ ಎಂದು ಸರೋಜಳ ಕೈ ಹಿಡಿದು ಹುಯ್ದೆ. ಅದೂ ಹಳದಿ.

‘ಅಯ್ಯೋ, ಯಜಮಾಂತೀಗೂ ಅಂಟ್ಬುಟ್ಟದಲ್ಲ!’ ಎಂದಳು ಹಿಂದೆ ಕೂತಿದ್ದ ಮುದುಕಿ.

ಸರೋಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಬೋಗುಣಿಯನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು. ನಲವತ್ತು ವರ್ಷ ಸುಳ್ಳು ಹೇಳಿದಾಗ ಒಬ್ಬರೂ ಪ್ರಶ್ನೆ ಕೇಳಲಿಲ್ಲ, ನಿಜ ಹೇಳಿದರೆ ಪ್ರತಿಯೊಬ್ಬರಿಗೂ ವಾದ. ಅವತ್ತು ಬಂದವರಲ್ಲಿ ಇಬ್ಬರು ಆಸ್ಪತ್ರೆಗೆ ಹೋದರು. ಉಳಿದವರು ನನ್ನನ್ನು ಬೈದುಕೊಂಡು ಬೇರೆ ಊರಿನ ಮದ್ದಿನವನ ವಿಳಾಸ ಕೇಳಿಕೊಂಡು ಹೋದರು.

ಜಗುಲಿಯಲ್ಲಿ ಉಳಿದವನು ಒಬ್ಬ, ಚಿಕ್ಕತಾಯಮ್ಮನ ಊರಿನವನು. ಅವನಿಂದ ಸುದ್ದಿ ತಿಳಿಯಿತು.

‘ಮಾದಯ್ಯ ಓದ ಕನಿ ಯಜಮಾನ್ರೇ, ದೀಪಾವಳಿಗ ಮುಂಚೇನೇ. ನಿಮ್ ಮದ್ದೇನೋ ಕೆಲ್ಸ ಮಾಡಿತ್ತಂತ, ಎಡ್ತಿನೇ ಉಪ್ಪಾಕಿ ಕೆಡ್ಸುದ್ಲಂತ. ಅವಳ ಅತ್ತೆ ಊರ್ಗೆಲ್ಲ ಯೋಳ್ಕಂಡು ಅಳ್ತಳ.’

ಬಸ್ಸಿನ ಹೊತ್ತಾಯಿತೆಂದು ಅವನನ್ನು ಕಳಿಸಿಬಿಟ್ಟೆ. ಜಗುಲಿಯ ಮೇಲೆ ಗುರುತಿಲ್ಲದ ಹತ್ತು ಜನರಿಗೆ ನಿಜ ಹೇಳುವುದು ಸುಲಭವಾಗಿತ್ತು. ಹೇಳಲೇಬೇಕಾದವಳು ಒಬ್ಬಳು, ಅವಳಿಂದ ನಾನು ತಪ್ಪಿಸಿಕೊಂಡು ತಿರುಗುತ್ತಿದ್ದೆ. ಬಿಸಿಲು ಇಳಿಯಲಿ ಎಂದೆ, ಮಂಡಿ ನೋವು ಎಂದೆ. ಕೊನೆಗೆ ಹಜಾರದಲ್ಲಿ ನಡೆದದ್ದನ್ನು ಸರೋಜಳಿಗೆ ಹೇಳಿದೆ. ಮಾರನೆಯ ಬೆಳಿಗ್ಗೆ ಅವಳು ಬೋಗುಣಿಯನ್ನು ಬಟ್ಟೆಯಲ್ಲಿ ಕಟ್ಟಿ, ತೊಗಟೆಯ ರಸದ ಸೀಸೆ, ಸುಣ್ಣದ ಡಬ್ಬಿ ಚೀಲಕ್ಕೆ ಹಾಕಿ ಹೊಸ್ತಿಲ ಬಳಿ ನಿಂತಳು.

‘ನಡೀರಿ. ನಾನೂ ಬತ್ತೀನಿ. ಒಬ್ರನ್ನೇ ಕಳ್ಸುದ್ರೆ ಹನೂರಲ್ಲಿ ಇಳ್ದು ಕಾಪಿ ಕುಡ್ದು ವಾಪಸ್ ಬಂದ್ಬುಡ್ತೀರಿ.’

ಚಿಕ್ಕತಾಯಮ್ಮನ ಊರಿಗೆ ಹನೂರಿನಿಂದ ದಿನಕ್ಕೆ ಎರಡು ಬಸ್ಸು. ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಚಿಕ್ಕತಾಯಮ್ಮ ಹೊಲದ ಕೆಲಸದಿಂದ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದಳು. ಇಳಿದುಹೋಗಿದ್ದಳು. ನಮ್ಮನ್ನು ಕಂಡು ಚಾಪೆ ಹಾಸಿ, ಬೇಡವೆಂದರೂ ಕೇಳದೆ ಮುದ್ದೆ, ಸೊಪ್ಪಿನ ಸಾರು ಬಡಿಸಲು ಎದ್ದಳು. ಎದ್ದವಳು ಲೋಟ ಹಿಡಿದು ಪಕ್ಕದ ಮನೆಗೆ ಹೊರಟಳು.

‘ವಸಿ ಕೂತ್ಕಳಿ. ಉಪ್ಪು ಈಸ್ಕಂಡು ಬತ್ತೀನಿ, ನಮ್ಮನ್ಯಾಗ ಇಲ್ಲ.’

ಬಾಗಿಲಲ್ಲಿ ಕೂತಿದ್ದ ಅತ್ತೆ ತಲೆ ಎತ್ತದೆ ಹೇಳಿದಳು: ‘ಇಲ್ಲ ಅಂದ್ರ ತಂದಿಲ್ಲ. ಗಂಡ ಓದ್ಮ್ಯಾಕ ಅವ್ಳು ಉಪ್ಪು ಉಣ್ಣಲ್ಲ. ಉಣ್ಲೂಬಾರ್ದು.’

ಚಿಕ್ಕತಾಯಮ್ಮನನ್ನು ಕೂಗಿ ಕರೆದೆ, ‘ಉಪ್ಪು ಬೇಡ ತಾಯಿ, ಒಂದು ಚೆಂಬು ನೀರು ಕೊಡು’ ಎಂದೆ. ಸರೋಜ ಸುಣ್ಣ ಕದಡಿದಳು. ಅದು ತಿಳಿಯಾದ ಮೇಲೆ ತೊಗಟೆಯ ರಸದ ಸೀಸೆ ಬಿಚ್ಚಿದೆ. ಮೊದಲು ನನ್ನ ಕೈ. ಆಮೇಲೆ ಅತ್ತೆಯ ಕೈ.

‘ನಂಗೂ ಕಾಮಾಲೆ ಅದಾ?’ ಎಂದು ಮುದುಕಿ ಹೌಹಾರಿದಳು.

‘ಇಲ್ಲ ಕನವ್ವಾ. ಯಾರಿಗೂ ಇಲ್ಲ. ತೊಗಟೆ ರಸಕ್ಕೆ ಸುಣ್ಣ ಬಿದ್ದರೆ ಹಳದಿ. ಕೈ ಯಾರದಾದರೂ ಅಷ್ಟೆ. ಈ ಚಾಪೆ ಮೇಲೆ ಹುಯ್ದರೂ ಅಷ್ಟೆ.’

ಚಾಪೆಯ ಅಂಚಿಗೆ ರಸ ಸವರಿ ಹುಯ್ದು ತೋರಿಸಿದೆ. ಚಾಪೆ ಹಳದಿಯಾಯಿತು. ಕೊಳ್ಳೇಗಾಲದಲ್ಲಿ ಹತ್ತು ಜನರಿಗೆ ತಿಳಿಯದ್ದು ಚಿಕ್ಕತಾಯಮ್ಮನಿಗೆ ಒಂದೇ ಗಳಿಗೆಯಲ್ಲಿ ತಿಳಿಯಿತು. ಅವಳು ಕೈ ಚಾಚಲೇ ಇಲ್ಲ.

‘ಆವತ್ತು ನನ್ ಗಂಡನ್ ಕೈಲಿ ಇಳ್ದದ್ದೂ ಇದೇಯಾ?’

‘ಇದೇ.’

‘ಅಂಗಾದ್ರ ಉಪ್ಪು?’

‘ಉಪ್ಪಿಗೂ ಅವನು ಹೋದದ್ದಕ್ಕೂ ಏನೂ ಸಂಬಂಧವಿಲ್ಲ ತಾಯಿ. ಅವನಿಗಿದ್ದದ್ದು ಗಡ್ಡೆ. ನೀನು ಉಪ್ಪು ಹಾಕಿದ ದಿನ ಅವನು ಒಂದು ತುತ್ತು ರುಚಿಯಾಗಿ ಉಂಡ, ಅಷ್ಟೆ. ಮೂರು ವಾರ ತಡ ಮಾಡಿಸಿದ್ದು ನಾನು. ಆ ಚೀಟಿ ಮಡಚಿ ಜೇಬಿಗಿಟ್ಟದ್ದು ನಾನು. ಮೊದಲೇ ಹೋಗಿದ್ದರೆ ಉಳೀತಿದ್ದನೋ ಇಲ್ಲವೋ, ಅದು ನನಗೆ ಗೊತ್ತಿಲ್ಲ.’

‘ಮೈಸೂರಾಸ್ಪತ್ರೇಲಿ ನಾ ಕ್ಯೋಳ್ದಾಗ ಇದೆಲ್ಲ ನಿಮ್ಗ ಗೊತ್ತಿತ್ತಾ?’

ಇಲ್ಲ ಎಂದುಬಿಡಬಹುದಿತ್ತು. ಸರೋಜ ನನ್ನ ಮುಖವನ್ನೇ ನೋಡುತ್ತಿದ್ದಳು, ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನೋಡಿದ ಹಾಗೆಯೇ.

‘ಗೊತ್ತಿತ್ತು’ ಎಂದೆ.

ಚಿಕ್ಕತಾಯಮ್ಮ ಬೋಗುಣಿ ಎತ್ತಿ ಹಳದಿ ನೀರನ್ನು ಅಂಗಳಕ್ಕೆ ಎರಚಿದಳು. ಅರ್ಧ ನನ್ನ ಪಂಚೆಯ ಮೇಲೆ ಬಿತ್ತು.

‘ನನ್ ಗಂಜಿ ಕುಡೀತಾ ಕುಡೀತಾ ಯೋಳುದ್ರಲ್ಲ ಆ ಮಾತ! ಎಂಟು ತಿಂಗ್ಳು ನಾ ಉಂಡ ಕೂಳೆಲ್ಲ ಮಣ್ಣು ಉಂಡಂಗಿತ್ತು. ನನ್ನೊಬ್ಳಿಗ ಯೋಳುದ್ರ ಮುಗೀತಾ? ಊರೋರ್ಗ ಯೋಳೋರ್ಯಾರು? ಎದ್ದೋಗಿ. ಓಗಿ, ನಿಮ್ ಕೈಯ್ಯಾರ ಬರ್ದು ಎಲ್ಲಾರ್ಗೂ ಯೋಳಿ.’

ಬಾಗಿಲಲ್ಲಿ ಅತ್ತೆ ತನ್ನ ಹಳದಿ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಸೊಸೆಯ ಮುಖ ನೋಡಲು ಅವಳಿಗೂ ಆಗಲಿಲ್ಲ.

ಚಿಕ್ಕತಾಯಮ್ಮ ಹೇಳಿದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದುವವರ ಮನೆಯಲ್ಲಿ ಯಾರದಾದರೂ ಕಣ್ಣು ಹಳದಿಯಾಗಿದ್ದರೆ, ಅದು ಯಾವ ಹಳದಿ ಎಂದು ಮೊದಲು ಪರೀಕ್ಷೆ ಮಾಡಿಸಿ. ಸೊಪ್ಪು, ಪುಡಿ, ಕಷಾಯ ಏನೇ ಕುಡಿದಿದ್ದರೂ ಡಾಕ್ಟರಿಗೆ ತೋರಿಸಿ, ಬೈಸಿಕೊಳ್ಳಿ. ಬೈಗುಳದಿಂದ ನನಗೆ ಏನೂ ಆಗಲಿಲ್ಲ.

ಅವತ್ತು ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನೂ ಸರೋಜಳೂ ಊರ ಬಾಗಿಲ ಚಿಲ್ಲರೆ ಅಂಗಡಿಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂತಿದ್ದೆವು. ಪಂಚೆಯ ಮೇಲಿನ ಹಳದಿ ಒಣಗಿತ್ತು. ಆಗ ಚಿಕ್ಕತಾಯಮ್ಮ ದಾರಿಯಲ್ಲಿ ಬಂದಳು. ನಾನು ಏಳಲು ಹೊರಟೆ. ಸರೋಜ ತೋಳು ಹಿಡಿದು ಕೂರಿಸಿದಳು.

ಅವಳು ನಮ್ಮ ಕಡೆ ನೋಡಲಿಲ್ಲ. ಅಂಗಡಿಯ ಹಲಗೆಗೆ ಕೈಯೂರಿ ನಿಂತಳು.

‘ಅಣ್ಣ, ಒಂದು ಪ್ಯಾಕೆಟ್ ಉಪ್ಪು ಕೊಡು.’

‘ಯಾರ್ಗವ್ವಾ?’ ಎಂದ ಅಂಗಡಿಯವನು, ಆಶ್ಚರ್ಯದಿಂದ.

‘ನಂಗ’ ಎಂದಳು. ಪೊಟ್ಟಣವನ್ನು ಸೆರಗಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ತಿರುಗಿ ಹೋದಳು.